ಶೀತಲ್‌ಗೆ ಕಳಿಸಿದ ಕಂಬಳಿ

ತುಬಚಿ
10-11-2002

ಚಿರಂಜೀವಿ ವಿಜಯಾಗ ಕರೆಪ್ಪ ಮಾಮಾನ ಆಶೀರ್ವಾದ.

ಜಮಖಂಡಿಯಿಂದ ಬೀಳಗಿತನಕ ಹೊಳಿ ದಂಡಿಗುಂಟ ಕಳೆದ ಮೂವತ್ತು ವರ್ಷದಾಗ ಹುಟ್ಟಿದ ಕೂಸುಗಳ ಪೈಕಿ ಅರ್ಧಕ್ಕರ್ಧ ಕೂಸು ನನ್ನ ಕೈಯಾಗ ಎರಕೊಂಡು ದೊಡ್ಡವಾಗ್ಯಾವು. ಇದು ನಿನಗ ಗೊತ್ತಿರಲಿಕ್ಕಿಲ್ಲ, ಯಾಕಂದ್ರ ನಾ ನನ್ನ ಬಗ್ಗೆ ಹೇಳಿಕೊಳ್ಳೂ ಪೈಕಿ ಅಲ್ಲ. ಮುಧೋಳದಾಗ ಒಬ್ಬ ದೊಡ್ಡ ಡಾಕ್ಟರ ಮೊಮ್ಮಗನ ಮೈಮ್ಯಾಲ ಗುಳ್ಳಿ ಎದ್ದಾಗ ಅವರು ಜೀಪ್ ಕೊಟ್ಟು ಮಂದಿ ಕಳಿಸಿದ್ರು. ಕುರಿ ಬಿಟ್ಟು ಬರಾಕ ಆಗೂದಿಲ್ಲ ಅಂದೆ. ಜೀಪ್ ತಿರಿಗಿ ಮುಧೋಳ ಮುಟ್ಟೂದ್ರಾಗ ಗುಳ್ಳಿ ಇಳದಿದ್ದುವು. ಬರೇ ನನ್ನ ಹೆಸರು ಕೇಳಿ. ಲಗ್ನ ಆಗದ ಮುದುಕಗ ಕೂಸಿನ ವಿಷಯ ಏನ ಗೊತ್ತು ಅಂತ ನಿಮ್ಮತ್ತಿ ಕಸ್ತೂರೆವ್ವ ಕೇಳಿದ್ರ ಇಷ್ಟು ಓದಿ ಹೇಳು.

ಹೆಣ್ಣು ಕೂಸು ಆತು, ಶೀತಲ್ ಅಂತ ಹೆಸರಿಟ್ರಿ ಅಂತ ಸುದ್ದಿ ಬಂತು. ಹೆಸರು ಈಗಿನ ಕಾಲದ್ದಾತು, ಇರಲಿ. ತೊಟ್ಟಲಕ್ಕ ಬರಾಕ ಆಗಲಿಲ್ಲ. ಕುರಿ ಉಣ್ಣಿ ಕತ್ತರಿಸೂ ದಿನ, ಹಿಂಡಿನ್ಯಾಗಿಂದ ಒಂದು ಹೆಜ್ಜಿ ಕಿತ್ತಿಡಾಕ ಬರೂದಿಲ್ಲ. ನಮ್ಮಕ್ಕ ಮುತ್ತವ್ವ ಇದ್ದಿದ್ರ ನಿನ್ನ ಬಾಣಂತನ ಇಲ್ಲೇ ತವರಾಗ ಮಾಡತಿದ್ಲು. ನಿನ್ನ ಒಂಬತ್ತು ವರ್ಷದಾಕಿನ್ನ ಬಿಟ್ಟು ಹೋದ್ಲು. ಆವತ್ತಿನಿಂದ ನಿನ್ನ ತವರಮನಿ ಅಂದ್ರ ನಾನ, ನನ್ನ ಕುರಿ ದೊಡ್ಡಿ, ಇಷ್ಟ.

ಅದಕ್ಕ ತವರಿನ ಉಡುಗೊರಿ ಕಳಿಸೇನಿ. ನಮ್ಮ ದಶರಥ ಬೀಳಗಿ ಬಸ್ಸಿನ ಕಂಡಕ್ಟರ್ ಆಗ್ಯಾನಲ್ಲ, ಅವನ ಕೈಯಾಗ ಕೊಟ್ಟೇನಿ. ಕರೇ ಕಂಬಳಿ. ಈ ವರ್ಷದ ಮರಿಗಳ ಮೊದಲನೇ ಉಣ್ಣಿ. ಹುಣಸಿಬೀಜದ ಗಂಜಿ ಎರಡು ಸಲ ಕುಡಿಸೇನಿ, ನೆಟ್ಟಗ ನಿಂದರಿಸಿದ್ರ ಬಾಗಲದಂಗ ನಿಂದರತೈತಿ. ಬೀರಪ್ಪನ ಗುಡಿಗೆ ಒಯ್ದು ಭಂಡಾರದ ಅರಿಷಿಣ ಹಚ್ಚಿಸಿ ಕಳಿಸೇನಿ. ಜವಳ ತೆಗೆಯೂತನಕ ಕೂಸು ಈ ಕಂಬಳಿ ಮ್ಯಾಲ ಮಲಗಬೇಕು. ನಮ್ಮ ಮನಿತನದಾಗ ಇದು ನಡಕೊಂತ ಬಂದದ್ದು.

ಇನ್ನ ಎರಿಯೂ ಕ್ರಮ. ನೀರು ಹೊಗಿ ಆಡಬೇಕು, ನಿನ್ನ ಕೈ ಸುಡಬೇಕು. ಕಡ್ಲಿಹಿಟ್ಟಿಗೆ ಅರಿಷಿಣ ಕಲಿಸಿ ಮೈಯೆಲ್ಲಾ ತಿಕ್ಕು. ಆಮ್ಯಾಲ ಲೋಬಾನದ ಹೊಗಿ. ಕೂಸು ಅತ್ರ ಕೈ ಬಿಡಬ್ಯಾಡ.

ನಮ್ಮೂರ ಅಂಗಡಿಗೆ ಫೋನ್ ಬಂದೈತಿ, ಆದ್ರ ನಾ ಪತ್ರಾನ ಬರೀತೀನಿ. ಏಳನೇತ್ತ ಪಾಸಾದಾಂವ ಬರಿಯೂದ ಯಾಕ ಬಿಡಲಿ?

ನಿನ್ನ ಮಾಮಾ
ಕರೆಪ್ಪ


ಬಾಡಗಂಡಿ
24-11-2002

ಮಾಮಾ ಅವರಿಗೆ ವಿಜಯಾ ಮಾಡುವ ನಮಸ್ಕಾರಗಳು.

ಕಂಬಳಿ ಮುಟ್ಟಿತು. ದಶರಥಣ್ಣ ಬಸ್ ನಿಲ್ಲಿಸಿ ಮನಿ ಬಾಗಲಕ್ಕ ತಂದು ಕೊಟ್ಟ, ಬಸ್ಸಿನ್ಯಾಗಿನ ಮಂದಿ ಬೈಯಾಕತ್ತಿದ್ರು. ನಮ್ಮತ್ತಿಯವರು ಕಂಬಳಿ ಕೈಯಾಗ ಹಿಡದು ಹಣಿಗೆ ಹಚ್ಚಿಕೊಂಡ್ರು. ತವರಿಂದ ಇಂಥಾದ್ದು ಬಂದದ್ದು ಈ ಓಣಿಯಾಗ ಯಾರಿಗೂ ಇಲ್ಲ ಅಂತ ಬಂದವರಿಗೆಲ್ಲಾ ತೋರಿಸಾಕತ್ತಾರ. ನಿಮ್ಮ ಮುಧೋಳದ ಜೀಪಿನ ಸಂಗತಿ ಓದಿ ಹೇಳಿದೆ. ನಕ್ಕರು, ಆದ್ರ ನಿಮ್ಮ ಮಾತನ್ನೇ ಪಾಲಿಸಾಕತ್ತಾರ. ಕೂಸಿಗೆ ಎರಿಯೂದು ಅವರ ಕೈಯಾಗ ಐತಿ.

ಇವರು ಕಾರ್ಖಾನಿಯ ತೂಕದ ಕಾಟಾದಾಗ ಅದಾರಲ್ಲ, ಕಬ್ಬಿನ ಹಂಗಾಮು ಸುರು ಆಗೇತಿ, ಮನಿಗೆ ಬರೂದು ಹೊತ್ತು ಗೊತ್ತಿಲ್ಲ. ಶೀತಲ್ ಛಲೋ ಅದಾಳ. ಹಾಲು ಕುಡೀತಾಳ.

ಒಂದು ಮಾತು ಕೇಳಬೇಕಿತ್ರಿ. ಕೂಸಿನ ಬೆನ್ನು, ಕೊರಳ ಮಡಿಕಿ, ಮೊಣಕಾಲ ಸಂದಿ ಸ್ವಲ್ಪ ಕೆಂಪಗಾಗ್ಯಾವು. ಮುಟ್ಟಿದ್ರ ಉಸುಕು ಮುಟ್ಟಿದಂಗ ಆಕೈತಿ. ಚಳಿಗಾಲಕ್ಕ ಇರಬಹುದು. ಕಂಬಳಿ ಮ್ಯಾಲ ಒಂದು ಹಳೇ ಅರಿವಿ ಹಾಸಬಹುದೇನ್ರಿ? ನಮ್ಮತ್ತಿಯವರು ಮಾಮಾನ್ನ ಕೇಳು ಅಂದ್ರು, ಅದಕ್ಕ ಕೇಳಾಕತ್ತೇನಿ.

ನಿಮ್ಮ
ವಿಜಯಾ


ತುಬಚಿ
5-12-2002

ವಿಜೀ,

ನಿನ್ನ ಪತ್ರ ಓದಿ ನನಗ ನಗಿ ಬಂತು. ಕೆಂಪಗಾಗೇತಿ ಅಂತ ಅಂಜಿದಿ. ಕೂಸು ಕೆಂಪಗಾಗದ ಹಸರಗ ಆಗತೈತೇನು?

ಇಲ್ಲೇ ಕುಂತು ನಾ ಕಾರಣ ಹೇಳತೀನಿ ಕೇಳು. ಬಾಡಗಂಡಿ ಸುತ್ತಮುತ್ತ ಈಗ ಕಬ್ಬು ಕಡಿಯೂ ಕಾಲ. ಕಬ್ಬಿನ ಒಣ ಎಲಿ ರವದಿ ಧೂಳು ಗಾಳಿಯಾಗ ಹಾರತೈತಿ, ಕೂಸಿನ ಮೈಗೆ ಕೂಡತೈತಿ. ಎರಡನೇದ್ದು, ನೀವು ಕುಡಿಯೂದು ಹಿನ್ನೀರಿನ ದಂಡಿ ನೀರು. ನಿಂತ ನೀರಿಗೂ ಹರಿಯೂ ನೀರಿಗೂ ಫರಕು ಐತಿ. ಮೂರನೇದ್ದು ನಿಮ್ಮತ್ತಿ ಕೈ. ಆಕಿ ಮೆತ್ತಗ ತಿಕ್ಕತಾಳ ಅಂತ ಕಾಣತೈತಿ. ಇನ್ನಷ್ಟು ಬಿಸಿ ನೀರು, ಇನ್ನಷ್ಟು ಹಿಟ್ಟು, ಜೋರ ತಿಕ್ಕಲಿ. ಒಳಗಿಂದೆಲ್ಲಾ ಹೊರಗ ಬರಲಿ. ಮರಿಗಳಿಗೆ ಉಣ್ಣಿಹುಳ ಹತ್ತಿದಾಗ ನಾ ಹಿಂಗ ಮಾಡೂದು, ಒಂದೂ ಮರಿ ತಕರಾರು ಹೇಳಿಲ್ಲ.

ಕಂಬಳಿ ಮ್ಯಾಲ ಅರಿವಿ ಹಾಸಬ್ಯಾಡ. ನಡುವ ಅರಿವಿ ಬಂದ್ರ ಕಂಬಳಿಗೂ ಕೂಸಿಗೂ ಮಾತುಕತಿ ಹೆಂಗ ಆಗಬೇಕು? ಕಂಬಳಿ ಮೈಗೆ ಹತ್ತಬೇಕು, ಆವಾಗ ಮೈ ಗಟ್ಟಿ ಆಗತೈತಿ. ನನ್ನ ನೋಡು. ಐವತ್ತಾರು ವರ್ಷ, ಒಂದು ಗುಳ್ಳಿ ಇಲ್ಲ. ಸೊಳ್ಳಿ ಕುಂತ್ರ ಅದರ ಮೂಗ ಮುರೀತೈತಿ.

ನನ್ನ ಕಡೆ ಒಂದು ದೊಡ್ಡ ಉದ್ಯೋಗ ಸುರು ಆಗಾಕತ್ತೈತಿ, ಮುಂದ ಬರೀತೀನಿ.

ಕರೆಪ್ಪ


ಬಾಡಗಂಡಿ
16-12-2002

ಮಾಮಾ ಅವರಿಗೆ ನಮಸ್ಕಾರಗಳು.

ಪತ್ರ ಮುಟ್ಟಿತು. ನೀವು ಹೇಳಿದಂಗ ಮಾಡಾಕತ್ತಾರ. ಕೂಸು ರಾತ್ರಿ ಸ್ವಲ್ಪ ಎಚ್ಚರ ಇರತೈತಿ. ಬ್ಯಾರೆ ಎಲ್ಲಾ ಛಲೋ. ಬರಿಯಾಕ ಕೈ ಬಿಡುವಿಲ್ಲ.

ವಿಜಯಾ


ತುಬಚಿ
30-12-2002

ವಿಜೀ,

ಎಲ್ಲಾ ಛಲೋ ಅಂತ ಬರದಿ, ಓದಿ ಹೊಟ್ಟಿ ತುಂಬಿತು. ನಾ ಹೇಳಿರಲಿಲ್ಲೇನು? ರಾತ್ರಿ ಎಚ್ಚರ ಇರತಾಳ ಅಂದ್ರ ಶ್ಯಾಣ್ಯಾಕಿ ಆಗೂ ಲಕ್ಷಣ. ನೀನೂ ಸಣ್ಣಾಕಿದ್ದಾಗ ನಿದ್ದಿ ಮಾಡತಿರಲಿಲ್ಲ, ಹತ್ತನೇತ್ತ ಪಾಸಾದಿ.

ಈಗ ಉದ್ಯೋಗದ ಸುದ್ದಿ. ನಿನಗ ಕಳಿಸಿದ ಕಂಬಳಿ ನೋಡಿದ ಮಂದಿ ನನಗೊಂದು ನನಗೊಂದು ಅಂತ ಬೆನ್ನ ಹತ್ತಿದ್ರು. (ಇಬ್ಬರು. ಆದ್ರ ಇಬ್ಬರೂ ಗಟ್ಟಿ ಮಂದಿ.) ಕೂಸಿನ ಅಳತಿಗೆ ಸಣ್ಣ ಕಂಬಳಿ ಮಾಡಿ ಮಾರಿದ್ರ ಹೆಂಗ ಅಂತ ನನ್ನ ತಲಿಗೆ ಬಂತು. ಇದು ಇಲ್ಲೀತನಕ ಯಾರ ತಲಿಗೂ ಬಂದಿಲ್ಲ. ನಲವತ್ತು ಕಂಬಳಿ ನೇಯಿಸೇನಿ. ಕೈಯಿಂದ ಬರೇ ಐನೂರು ರೂಪಾಯಿ ಹಾಕೇನಿ, ಉಳಿದದ್ದೆಲ್ಲಾ ಬುದ್ಧಿ.

ರಬಕವಿ, ಬನಹಟ್ಟಿ ಎರಡೂ ಕಡೆ ಹೊತಗೊಂಡು ಹೋಗಿ ಮಾರಾಕತ್ತೇನಿ. ನೇಕಾರ ಮಂದಿಗೆ ಕಂಬಳಿ ಮಾರೂದು ಸಣ್ಣ ಕೆಲಸ ಅಲ್ಲ, ಅವರ ಮನಿ ತುಂಬ ಸೀರಿ. ನಾ ಏನ ಹೇಳತೀನಿ ಗೊತ್ತೇನು? ಬಾಡಗಂಡಿಯಾಗ ನನ್ನ ಮೊಮ್ಮಗಳು ಶೀತಲ್ ಅಂತ ಅದಾಳ, ಹುಟ್ಟಿದಾಗಿಂದ ಕಂಬಳಿ ಮ್ಯಾಲ, ಆಕಿ ಮೈ ನೋಡಬೇಕು, ಬೆಣ್ಣಿ ಉಂಡಿ ಅಂತೀನಿ. ಅಷ್ಟ ಹೇಳೂದ ತಡ, ಹೆಣ್ಣಮಕ್ಕಳು ಒಳಗ ಹೋಗಿ ರೊಕ್ಕ ತರತಾರ. ಬನಹಟ್ಟಿಯಾಗ ಯಲ್ಲಕ್ಕ ಅಂತ ಒಬ್ಬಾಕಿ, ಆರು ಮಗ್ಗದ ಮನಿ, ಚೌಕಾಸಿ ಮಾಡದ ತಗೊಂಡ್ಲು. ಇಪ್ಪತ್ತು ಹೋಗ್ಯಾವು.

ಕೂಸಿನ ಹೆಸರಿಗೆ ಇಷ್ಟು ಬರಕತ್ತು ಐತಿ. ಲಾಭದಾಗ ಆಕಿಗೆ ಬೆಳ್ಳಿ ಕಾಲಗಡಗ ಮಾಡಸತೀನಿ.

ಕರೆಪ್ಪ


ತುಬಚಿ
20-1-2003

ವಿಜೀ, ಪತ್ರ ಇಲ್ಲ. ಸಂಕ್ರಮಣಕ್ಕ ಎಳ್ಳು ಬೆಲ್ಲ ಕಳಿಸಿದ್ನಿ, ಮುಟ್ಟಿತೋ ಇಲ್ಲೋ. ದಶರಥನ್ನ ಕೇಳಿದ್ರ ನಿಮ್ಮ ಮನಿಗೆ ಕೀಲಿ ಹಾಕಿತ್ತು ಅಂದ. ಊರ ತಿರಗಾಕ ಹೋಗಿದ್ರೇನು? ಸುಖದಾಗ ಮಾಮಾನ ನೆನಪು ಆಗೂದಿಲ್ಲ, ಆಗಬ್ಯಾಡ ಬಿಡು. ಕಂಬಳಿ ಇಪ್ಪತ್ತಾರು ಹೋಗ್ಯಾವು. ಕರೆಪ್ಪ


ಬಾಡಗಂಡಿ
2-2-2003

ಮಾಮಾ ಅವರಿಗೆ ವಿಜಯಾ ಮಾಡುವ ನಮಸ್ಕಾರಗಳು.

ಊರು ತಿರುಗಾಕ ಹೋಗಿರಲಿಲ್ಲ. ಬೀಳಗಿ ದವಾಖಾನಿಯಾಗ ಎಂಟು ದಿನ ಇದ್ದೆವು.

ಇದನ್ನ ನಾನು ನವೆಂಬರದಾಗ ಬರಿಯಬೇಕಿತ್ತು. ಸ್ವಲ್ಪ ಕೆಂಪಗಾಗೇತಿ ಅಂತ ಬರದೆ. ಸ್ವಲ್ಪ ಆಗಿರಲಿಲ್ಲ. ಎಲ್ಲಾ ಛಲೋ ಅಂತ ಬರದ ದಿನ ಕೂಸು ಮೂರು ರಾತ್ರಿ ಮಲಗಿರಲಿಲ್ಲ, ಗಲ್ಲ ಕೆರಕೊಂಡು ಕೆರಕೊಂಡು ರಕ್ತ ಬಂದಿತ್ತು. ನೀವು ಪ್ರೀತಿಯಿಂದ ಕಳಿಸಿದ್ದಕ್ಕ ಹೆಸರಿಡಾಕ ನನಗ ಧೈರ್ಯ ಬರಲಿಲ್ಲ. ನಮ್ಮತ್ತಿಯವರು ದೇವರ ಕಂಬಳಿಯಿಂದ ಕೂಸಿನ್ನ ಎತ್ತಿದ್ರ ಏನಾಕೈತೋ ಅಂತ ಅಂಜತಿದ್ರು. ನಿಮ್ಮ ಎರಡನೇ ಪತ್ರ ಬಂದ ಮ್ಯಾಲ ಇನ್ನೂ ಜೋರ ತಿಕ್ಕಿದ್ರು, ಇನ್ನೂ ಬಿಸಿ ನೀರು ಎರದ್ರು. ಕೂಸು ಅಳೂ ದನಿಗೆ ನಾ ಹಿತ್ತಲಕ್ಕ ಹೋಗಿ ನಿಂದರತಿದ್ದೆ. ಅದು ನನ್ನ ತಪ್ಪು, ನಿಮ್ಮದಲ್ಲ. ಸಂಕ್ರಮಣದ ಹಿಂದಿನ ದಿನ ಕೊರಳಾಗ ಕೀವು ತುಂಬಿ ಜ್ವರ ಬಂತು.

ಬೀಳಗಿಯಾಗ ಡಾಕ್ಟರಬಾಯಿ ಒಬ್ಬರು ನೋಡಿದ್ರು. ಕೂಸಿನ್ನ ಕಂಬಳಿಯಾಗ ಸುತ್ತಿಕೊಂಡು ಹೋಗಿದ್ದೆ. ಅವರು ಕೂಸಿನ್ನ ಆಮ್ಯಾಲ ನೋಡಿದ್ರು, ಮೊದಲ ಕಂಬಳಿ ಮುಟ್ಟಿ ನೋಡಿದ್ರು. ಅದರ ಅಂಚು ಹಿಡದು ನನ್ನ ಮೊಣಕೈ ಒಳಮಗ್ಗಲಿಗೆ ನಾಲ್ಕು ಸಲ ಹಗೂರಕ ಆಡಿಸಿ ಹೆಂಗ ಆಕೈತಿ ಅಂತ ಕೇಳಿದ್ರು. ಕೆರತ ಬರತೈತ್ರಿ ಅಂದೆ.

"ನಿನಗ ಬಾಯಿ ಐತಿ, ಹೇಳಿದಿ," ಅಂದ್ರು. "ಇದಕ್ಕ ಬಾಯಿ ಇಲ್ಲ. ಮೈಯಿಂದ ಹೇಳಾಕತ್ತೈತಿ. ನೀವು ಅದನ್ನ ಬಿಸಿನೀರು ಹಾಕಿ ತಿಕ್ಕಿ ಸುಮ್ಮನಾಗಸಾಕತ್ತೀರಿ."

ಕೂಸಿನ ತೊಗಲು ನಮ್ಮ ತೊಗಲಿಗಿಂತ ಭಾಳ ತೆಳು ಅಂತ, ನೀರು ಹಿಡದಿಟ್ಟುಕೊಳ್ಳೂದು ಅದಕ್ಕ ಇನ್ನೂ ಬರೂದಿಲ್ಲ ಅಂತ. ಬಿಸಿ ನೀರು, ಹಿಟ್ಟು, ತಿಕ್ಕೂದು, ಹೊಗಿ, ಇವೆಲ್ಲಾ ಇದ್ದಷ್ಟು ಪಸಿನೂ ತಗದುಬಿಡತಾವಂತ. ಅದರ ಮ್ಯಾಲ ಒರಟು ಉಣ್ಣಿ ಮತ್ತು ಗಂಜಿ. ಈಗ ಉಗುರಬೆಚ್ಚಗಿನ ನೀರು, ಅದೂ ಐದು ನಿಮಿಷ. ತಿಕ್ಕದ ಅರಿವಿಯಿಂದ ಒತ್ತಿ ಒರಸತೀನಿ. ಮೈ ಇನ್ನೂ ಹಸಿ ಇದ್ದಾಗಲೇ ಅವರು ಕೊಟ್ಟ ಮುಲಾಮು ಹಚ್ಚತೀನಿ. ಉಗುರು ಕತ್ತರಿಸಿ ಕೈಗೆ ಅರಿವಿ ಚೀಲ ಹಾಕೇನಿ. ಮಲಗಸಾಕ ನನ್ನ ಹಳೇ ನೂಲಿನ ಸೀರಿ, ಎರಡು ಮೂರು ನೀರಿನ್ಯಾಗ ಸೋಪು ಹೋಗೂತನಕ ಜಾಲಿಸಿದ್ದು. ಕಂಬಳಿ ಮಡಚಿ ದೇವರ ಜಗಲಿ ಮ್ಯಾಲ ಇಟ್ಟೇನಿ.

ಒಂದು ಮಾತು ಬೇಡಿಕೊಳ್ಳತೀನಿ. ಶೀತಲ್ ಮೈ ಬೆಣ್ಣಿ ಉಂಡಿ ಅಂತ ಹೇಳಿ ಕಂಬಳಿ ಮಾರಬ್ಯಾಡ್ರಿ. ನೀವು ಆ ಮಾತು ಹೇಳೂ ದಿನ ಆಕಿ ಬೆನ್ನು ಹೆಂಗಿತ್ತು ಅಂತ ನನಗ ಗೊತ್ತೈತಿ.

ವಿಜಯಾ


ತುಬಚಿ
9-2-2003

ವಿಜಯಾಗ,

ಕೂಸು ದವಾಖಾನಿಯಾಗ ಎಂಟು ದಿನ ಇತ್ತು, ನನಗ ಒಂದು ಕಾರ್ಡು ಇಲ್ಲ. ಅದು ಹೋಗಲಿ.

ಆ ಡಾಕ್ಟರಬಾಯಿ ಯಾವ ಊರಾಕಿ? ಕುರಿ ಕಂಡಾಳೇನು? ನಮ್ಮಪ್ಪ, ಅವರಪ್ಪ, ಅವರಪ್ಪ ಕಂಬಳಿ ಮ್ಯಾಲ ಹುಟ್ಟಿ ಕಂಬಳಿ ಮ್ಯಾಲ ಹೋದವರು. ಬೀರಪ್ಪನ ಕಂಬಳಿ ಯಾರನ್ನೂ ಕಡದಿಲ್ಲ. ನಿಮ್ಮ ಮನಿಯಾಗ ಅರಿವಿ ಒಗಿಯೂ ಸೋಪು ಯಾವುದು, ಅದನ್ನ ಆಕಿ ಕೇಳಿದಳೇನು? ಎಲ್ಲಾ ಬಿಟ್ಟು ತವರಿನ ಉಡುಗೊರಿಗೆ ಬಂದು ನಿಂತ್ಲು.

ನನ್ನ ಹತ್ರ ಇನ್ನ ಹದಿನಾಲ್ಕು ಉಳದಾವು. ಬರೂ ವಾರ ಬನಹಟ್ಟಿ ಸಂತಿಗೆ ಒಯ್ಯತೀನಿ. ಕೂಸಿನ ಹೆಸರು ಹೇಳಬ್ಯಾಡ ಅಂದಿ, ಹೇಳೂದಿಲ್ಲ. ನನ್ನ ಹೆಸರಿಗೇ ಹೋಗತಾವು.

ಕರೆಪ್ಪ


ಬಾಡಗಂಡಿ
17-2-2003

ಮಾಮಾ ಅವರಿಗೆ ನಮಸ್ಕಾರಗಳು.

ಸಿಟ್ಟು ಮಾಡ್ರಿ, ಆದ್ರ ಪೂರಾ ಓದ್ರಿ.

ಡಾಕ್ಟರ ಮಾತು ಬಿಡ್ರಿ. ನಾ ಕಣ್ಣಾರೆ ನೋಡಿದ್ದು ಬರೀತೀನಿ. ದವಾಖಾನಿಯಿಂದ ಬಂದ ಮ್ಯಾಲ ಹದಿನೈದು ದಿನ ಕೂಸು ಸೀರಿ ಮ್ಯಾಲ ಮಲಗಿತು. ಕೆಂಪು ಇಳೀತು, ರಾತ್ರಿ ನಿದ್ದಿ ಮಾಡಿತು. ಹದಿನಾರನೇ ದಿನ ನಾ ಹೊಳಿಗೆ ಅರಿವಿ ಒಗಿಯಾಕ ಹೋದಾಗ ನಮ್ಮತ್ತಿಯವರು ಇನ್ನೇನು ಆರಾಮ ಆತಲ್ಲ ಅಂತ ಜಗಲಿ ಮ್ಯಾಲಿನ ಕಂಬಳಿ ತಗದು ಒಂದು ತಾಸು ಮಲಗಿಸಿದ್ರು. ಸಂಜಿಕ ಬೆನ್ನ ತುಂಬ ಮತ್ತ ಎದ್ದಿದ್ದುವು. ಅವತ್ತು ಮನಿಯಾಗ ಅದೇ ನೀರು, ಅದೇ ಧೂಳು, ಅದೇ ಸೋಪು. ಬದಲಾಗಿದ್ದು ಒಂದೇ. ನಮ್ಮತ್ತಿಯವರು ಕೂಸಿನ ಬೆನ್ನ ಮ್ಯಾಲ ಕೈ ಆಡಿಸಿದ್ರು. ತಾವೇ ಕಂಬಳಿ ಮಡಚಿ ಇಟ್ಟರು.

ಎಲ್ಲಾ ಕೂಸಿಗೂ ಹಿಂಗ ಆಗೂದಿಲ್ಲಂತ. ನಿಮ್ಮಂಥವರ ಮೈಗೆ ಏನೂ ಆಗೂದಿಲ್ಲ. ಆದ್ರ ಯಾವ ಕೂಸಿಗೆ ಆಕೈತಿ ಅನ್ನೂದು ಮಲಗಸೂತನಕ ಗೊತ್ತಾಗೂದಿಲ್ಲಲ್ರಿ. ನೀವು ಮಾರಿದ್ದು ಇಪ್ಪತ್ತಾರು. ಆ ಮನಿಗಳ ತಾಯಂದಿರೂ ನನ್ನಂಗ ಎಲ್ಲಾ ಛಲೋ ಅಂತ ಹೇಳಾಕತ್ತಿರಬಹುದು.

ಜವಳ ಯುಗಾದಿ ಹಿಂದಿನ ಆಯಿತವಾರ, ಇಲ್ಲಿ ಬಾಡಗಂಡಿ ಬೀರಪ್ಪನ ಗುಡಿಯಾಗ ಅಂತ ಗೊತ್ತು ಮಾಡ್ಯಾರ. ಸ್ವಾದರಮಾವ ಕೂಸಿನ್ನ ಕಂಬಳಿ ಮ್ಯಾಲ ಕೂಡಿಸಿ ಮೊದಲ ಕೂದಲ ತೆಗೀಬೇಕು. ನನಗ ಅಣ್ಣ ತಮ್ಮ ಇಲ್ಲ, ಆ ಜಾಗಾ ನಿಮ್ಮದು. ಕೂಸಿನ್ನ ನಾ ಕಂಬಳಿ ಮ್ಯಾಲ ಕೂಡಸೂದಿಲ್ಲ. ನೀವು ಬರದಿದ್ರ ಬ್ಯಾರೆಯವರ ಕೈಲೆ ತೆಗಸೂದೂ ಇಲ್ಲ. ಕೂದಲ ಹಂಗ ಬೆಳೀಲಿ.

ವಿಜಯಾ


ಬಾಡಗಂಡಿ
1-4-2003

ಮಾಮಾ ಅವರಿಗೆ ವಿಜಯಾ ಮಾಡುವ ನಮಸ್ಕಾರಗಳು.

ಆರು ವಾರ ನಿಮ್ಮ ಪತ್ರ ಇರಲಿಲ್ಲ. ಆಯಿತವಾರ ಮುಂಜಾನೆ ದಶರಥಣ್ಣನ ಬಸ್ಸಿನಿಂದ ನೀವು ಇಳಿದದ್ದು ನೋಡಿದೆ. ಹೆಗಲ ಮ್ಯಾಲ ಕಂಬಳಿ ಇಲ್ಲದ ನಿಮ್ಮನ್ನ ನಾ ಜನ್ಮದಾಗ ನೋಡಿರಲಿಲ್ಲ. ಮಡಚಿ ಚೀಲದಾಗ ಇಟ್ಟಿದ್ರಿ. ಯಾಕ ಅಂತ ಕೇಳಿದ್ರ ಬ್ಯಾಸಿಗಿ ಸುರು ಆತಲ್ಲ ಅಂದ್ರಿ.

ಗುಡಿಯಾಗ ನಡದದ್ದು ಇವರ ಮುಂದ ಎಷ್ಟು ಸಲ ಹೇಳಿದ್ರೂ ನನಗ ಸಾಲೂದಿಲ್ಲ. ನೀವು ಕಂಬಳಿ ಹಾಸಿ ಅದರ ಮ್ಯಾಲ ನೀವೇ ಕುಂತ್ರಿ. ತೊಡಿ ಮ್ಯಾಲ ಮೆತ್ತಗಿನ ಹಳೇ ಧೋತರ ನಾಲ್ಕು ಮಡಿಕಿ ಹಾಸಿ ಕೂಸಿನ್ನ ತಗೊಂಡ್ರಿ. ನಮ್ಮತ್ತಿಯವರು, ಕೂಸು ಕಂಬಳಿ ಮುಟ್ಟಲಿಲ್ಲಲ್ಲ ಅಂದಾಗ ನೀವು ಹೇಳಿದ್ದು: "ಅಕ್ಕಾರ, ನಾ ಕುಂತೇನಲ್ಲ. ಬೀರಪ್ಪಗ ಕೇಳೂದಿದ್ರ ನನ್ನ ಕೇಳತಾನ. ಕೂಸಿನ್ನ ಯಾಕ ಕೇಳತಾನ?" ಅವರು ತಲಿ ಮ್ಯಾಲ ಸೆರಗು ಹೊತ್ತು ಭಂಡಾರ ಹಾರಿಸಿದ್ರು. ಮನಿಗೆ ಬಂದು, ನಿಮ್ಮ ಮಾಮಾ ಭಾಳ ಬೆರಕಿ ಮನಿಶ್ಯಾ ಅಂದ್ರು. ಅವರ ಬಾಯಾಗ ಅದು ದೊಡ್ಡ ಹೊಗಳಿಕಿ.

ಕೂಸು ನಿಮ್ಮ ತೊಡಿ ಮ್ಯಾಲ ನಿದ್ದಿ ಹೋತು. ನಾವಿದನಿಗೆ ಹಗೂರಕ ಮಾಡೋ ಅಂತ ಸನ್ನಿ ಮಾಡಿಕೊಂತ ನೀವು ಒಂದು ತಾಸು ಕಾಲ ಅಲಗಿಸಲಿಲ್ಲ.

ದಶರಥಣ್ಣ ನನಗೊಂದು ಸುದ್ದಿ ಹೇಳಿದ. ನೀವು ರಬಕವಿ ಬನಹಟ್ಟಿಯಾಗ ಮನಿ ಮನಿ ತಿರಗಿ ಕಂಬಳಿ ವಾಪಸ ತಗೊಂಡಿರಂತ. ಕೇಳಿದ್ರ ನೀವು ಏನೋ ನೂರಿನ್ನೂರು ಹೋತು ಅಂತ ನಕ್ಕು ಬಸ್ ಹತ್ತಿದ್ರಿ. ಮಾಮಾ, ನಾ ನಿಮಗ ಸುಳ್ಳ ಬರದು ಕೂಸಿಗೆ ಏನಾತು ಅಂತ ನೋಡಿದ್ರಿ. ಇನ್ನ ನಮ್ಮಿಬ್ಬರ ನಡುವ ಅದು ಬ್ಯಾಡ. ಖರೆ ಎಷ್ಟು ಹೋತು?

ವಿಜಯಾ


ತುಬಚಿ
6-4-2003

ವಿಜೀ,

ದಶರಥನ ಬಾಯಿಗೆ ಟಿಕೀಟ್ ಹರಿಯೂದೊಂದು ಬಿಟ್ಟು ಬ್ಯಾರೆ ಕೆಲಸ ಕೊಡಬಾರದಾಗಿತ್ತು. ಆದ್ರ ಅವಗ ಅರ್ಧ ಸುದ್ದಿ ಗೊತ್ತು. ಪೂರಾ ಸುದ್ದಿ ನಾ ಬರೀತೀನಿ.

ಫೆಬ್ರುವರಿಯಾಗ ನಿನ್ನ ಪತ್ರ ಬಂದಾಗ ನಾ ಹದಿನಾಲ್ಕು ಕಂಬಳಿ ಹೊರಿ ಕಟ್ಟಿ ಹೊಂಟು ನಿಂತಿದ್ನಿ. ಓದಿ ಕಿಸೆಕ್ಕ ಹಾಕಿಕೊಂಡು ಹೊಂಟೆ. ಹೆಣ್ಣಹುಡುಗಿ ಮಾತಿಗೆ ಉದ್ಯೋಗ ಬಿಟ್ಟ ಅಂತ ಅನಿಸಿಕೊಳ್ಳೂದು ನನಗ ಒಗ್ಗಲಿಲ್ಲ. ಬನಹಟ್ಟಿ ಸಂತಿಗೆ ಹೋಗೂ ದಾರಿಯಾಗ ಯಲ್ಲಕ್ಕನ ಮನಿ. ಆಕಿ ಬಾಗಲದಾಗ ನಿಂತಿದ್ಲು, ನನಗ ಕಾದಂಗ. ಒಳಗ ಮಗ್ಗ ಖಟಪಟ ಅನ್ನಾಕತ್ತಿದ್ದುವು. ಆಕಿ ಒಳಗ ಹೋಗಿ ಎಲ್ಲಾ ಮಗ್ಗ ಬಂದ್ ಮಾಡಿಸಿ ಬಂದ್ಲು. ಆರು ಮಗ್ಗ ನಿಲ್ಲಿಸಿ ಒಬ್ಬ ಮನಿಶ್ಯಾಗ ಮಾತಾಡಾಕ ಬರತಾರಂದ್ರ ಅದು ಛಲೋ ಮಾತಲ್ಲ ಅಂತ ನನಗ ಅಲ್ಲೇ ಗೊತ್ತಾತು.

"ಸೀರಿ ನೇಯೂ ಮನಿಯಾಗ ಮೆತ್ತಗಿನ ಅರಿವಿಗೆ ಬರಗಾಲ ಇತ್ತೇನೋ ಯಣ್ಣಾ?" ಅಂದ್ಲು. "ಮೂಲಿಗೊಂದು ಹಳೇ ಸೀರಿ ಬಿದ್ದಾವು. ನಿನ್ನ ಮಾತು ಕೇಳಿ ಮಳ್ಳಿ ಆಗಿ ಮೊಮ್ಮಗನ್ನ ಕುರಿ ತುಪ್ಪಟದ ಮ್ಯಾಲ ಒಗದೆ."

ನಾ ಸುಮ್ಮನಿರಲಿಲ್ಲ, ನನ್ನ ಬಲ್ಲಿ ನೀ. ಮಗ್ಗದ ನೂಲಿನ ಧೂಳಿಗೆ ಆಗಿರಬೇಕು, ಬಣ್ಣದ ವಾಸನಿಗೆ ಆಗಿರಬೇಕು ಅಂತ ಹೇಳಾಕತ್ತೆ. ಆಕಿ ನನ್ನ ಕೂಡ ವಾದ ಮಾಡಲಿಲ್ಲ. ಕೂಸಿನ್ನ ತಂದು ನನ್ನ ಕೈಯಾಗ ಕೊಟ್ಟು, ತಗೋ, ನೀ ನೂರಾರು ಕೂಸಿಗೆ ಎರದಾಂವ, ನೋಡಿ ಹೇಳು ಅಂದ್ಲು.

ವಿಜೀ, ಖರೆ ಹೇಳತೀನಿ. ನಾ ಅಷ್ಟು ಸಣ್ಣ ಕೂಸಿನ್ನ ಕೈಯಾಗ ಹಿಡದದ್ದ ಅದು ಮೊದಲನೇ ಸಲ. ನಿನ್ನನ್ನ ಹಿಡದಾಗ ನೀ ಒಂಬತ್ತು ವರ್ಷದಾಕಿ, ನನ್ನ ಕೈ ಕಚ್ಚಿ ಓಡಿ ಹೋಗಿದ್ದಿ. ಹಿಡಿಯಾಕ ಬರಲಾರದ ಹೆಗಲಿಗೆ ಹಚ್ಚಿಕೊಂಡೆ. ಹೆಗಲ ಮ್ಯಾಲ ನನ್ನ ಕಂಬಳಿ. ಕೂಸಿನ ಗಲ್ಲ ಕಂಬಳಿಗೆ ತಾಗಿತು. ಅಳಾಕ ಸುರು ಮಾಡಿತು ಅಂದ್ರ, ನಾ ಕುರಿಮರಿ ಕತ್ತರಿಗೆ ಸಿಕ್ಕಾಗಲೂ ಅಂಥಾ ದನಿ ಕೇಳಿಲ್ಲ. ತಲಿ ಹಿಂದಕ್ಕ ಒಗದು, ಗಲ್ಲ ದೂರ ಮಾಡಾಕ ನೋಡತೈತಿ, ಕೊರಳಿಗೆ ಬಲ ಇಲ್ಲ, ಮತ್ತ ಬಂದು ಅದಕ್ಕ ಬೀಳತೈತಿ. ಯಲ್ಲಕ್ಕ ಕೈ ಚಾಚಲಿಲ್ಲ. ನೋಡಿಕೊಂತ ನಿಂತ್ಲು.

ಒಂದು ಕೈಲೆ ಹೆಗಲ ಮ್ಯಾಲಿನ ಕಂಬಳಿ ಎಳದು ನೆಲಕ್ಕ ಬಿಟ್ಟೆ. ಹನ್ನೆರಡನೇ ವರ್ಷಕ್ಕ ನಮ್ಮಪ್ಪ ಹೊಚ್ಚಿದ ಮ್ಯಾಲ ನಾ ಮಂದಿ ಎದುರಿಗೆ ಅದನ್ನ ಹೆಗಲಿನಿಂದ ಇಳಿಸಿದವನಲ್ಲ. ಅಂಗಿ ಮ್ಯಾಲ ಕೂಸಿನ್ನ ಹಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ಸುಮ್ಮನಾತು. ಯಲ್ಲಕ್ಕ ಬಗ್ಗಿ ನನ್ನ ಕಂಬಳಿ ಎತ್ತಿ, ಝಾಡಿಸಿ, ಕಟ್ಟಿ ಮ್ಯಾಲ ಇಟ್ಟು, ಚಾ ಕುಡೀತೀ ಏನು ಅಂದ್ಲು. ಕುಡದೆ. ಆದ್ರ ಸಕ್ಕರಿ ಕಮ್ಮಿ ಹಾಕಿದ್ಲು.

ಅವತ್ತು ಸಂತಿಗೆ ಹೋಗಲಿಲ್ಲ. ಅಲ್ಲೇ ಆಕಿ ಕಂಬಳಿ ತಗೊಂಡು ಆಕಿ ರೊಕ್ಕ ಕೊಟ್ಟೆ. ಆಮ್ಯಾಲ ಮಾರಿದ ಮನಿಗಳಿಗೆಲ್ಲಾ ಹೋದೆ. ಯಾವ ಮನಿ ಅಂತ ಬರದಿಟ್ಟಿರಲಿಲ್ಲ, ಆದ್ರ ಕುರಿಗಾರಗ ಹಿಂಡಿನ್ಯಾಗಿನ ಒಂದೊಂದು ಮುಖ ನೆನಪಿರತೈತಿ, ಮನಿಗಳೂ ಹಂಗ. ನಾಲ್ಕು ಮನಿಯಾಗ ಕೂಸಿಗೆ ಶೀತಲ್‌ಗೆ ಆದಂಗ ಆಗಿತ್ತು. ಒಬ್ಬಾಕಿ ನನ್ನ ಬೈದ್ಲು, ಒಬ್ಬಾಕಿ ಅತ್ಲು. ಉಳಿದವರು ನಮ್ಮ ಕೂಸಿಗೆ ಏನೂ ಆಗಿಲ್ಲ, ಕೊಡೂದಿಲ್ಲ ಅಂದ್ರು. ಅವರಿಗೆ ನೀ ಎರಡು ಪತ್ರದಾಗ ಬರದದ್ದ ಓದಿ ಹೇಳಿದ್ನಿ, ಆಮ್ಯಾಲ ಅವರೂ ಕೊಟ್ಟರು. ಎರಡೂ ಪತ್ರ ಕಿಸೆದಾಗ ಹಾಳಿ ಹರದು ಮೂರು ಮೂರು ತುಂಡಾಗ್ಯಾವು. ಉಗುರಬೆಚ್ಚಗಿನ ನೀರು, ಐದು ನಿಮಿಷ, ಹಸಿ ಮೈಗೆ ಮುಲಾಮು, ಹಳೇ ನೂಲಿನ ಸೀರಿ, ಇದೆಲ್ಲಾ ನಾ ಈಗ ಬಾಯಿಪಾಠ ಹೇಳತೀನಿ. ರಬಕವಿಯಾಗ ಇಬ್ಬರು ಬಾಣಂತಿಯರು ನನಗ ಡಾಕ್ಟರ ಮಾವ ಅನ್ನಾಕತ್ತಾರ. ನಾ ಬ್ಯಾಡ ಅಂದಿಲ್ಲ.

ಜವಳದ ಯುಕ್ತಿ ನನ್ನದೇ ಅಂತ ನಿಮ್ಮತ್ತಿ ತಿಳಕೊಂಡಾಳ, ತಿಳಕೊಳ್ಳಲಿ. ನಿನಗ ಮಾತ್ರ ಹೇಳತೀನಿ. ನಮ್ಮೂರ ಗುಡಿ ಪೂಜಾರಿ ಬಸಗೊಂಡಪ್ಪನ ಹತ್ರ ಎರಡು ಸಲ ಹೋಗಿ ಹೊರಗಿಂದ ಹೊರಗ ಬಂದೆ, ಮೂರನೇ ಸಲ ಕೇಳಿದೆ. ಕೂಸಿಗೆ ಕಂಬಳಿ ಆಗಿ ಬರೂದಿಲ್ಲ, ಜವಳ ಹೆಂಗ ಅಂತ. ಅವ ಎಲಿ ಅಡಿಕಿ ಹಾಕಿಕೊಂತ, "ಕಂಬಳಿ ಮಾವಗ ಹಾಸೂದು. ಕೂಸಿಗೆ ಮಾವನ ತೊಡಿ. ನೀ ಇಷ್ಟು ವರ್ಷ ಏನ ತಿಳಕೊಂಡಿದ್ದಿ?" ಅಂದ. ಇಷ್ಟು ವರ್ಷ ನಾ ಏನ ತಿಳಕೊಂಡಿದ್ನೋ ಅದನ್ನ ಅವಗ ಹೇಳಲಿಲ್ಲ.

ಈಗ ನೀ ಕೇಳಿದ್ದಕ್ಕ ಬರತೀನಿ. ಐನೂರು ಹಾಕೇನಿ ಅಂತ ಬರದಿದ್ದು ಸುಳ್ಳ. ನೇಯೂವರಿಗೆ ಕೊಡಾಕ ದೊಡ್ಡ ಟಗರು ಮಾರಿದ್ನಿ, ಅದರ ಜೋಡಿ ಎರಡು ಹೆಣ್ಣ ಕುರಿ, ಎಲ್ಲಾ ಕೂಡಿ ಬಂದ ಆರು ಸಾವಿರ ನೇಯೂವರಿಗೇ ಹೋತು. ದೊಡ್ಡ ಟಗರು ಹೆಂಗೈತಿ ಅಂತ ಜವಳದ ದಿನ ನಿನ್ನ ಗಂಡ ಕೇಳಿದಾಗ ಛಲೋ ಮೇಯಾಕತ್ತೈತಿ ಅಂದೆ. ತಿರಗಿ ತಂದ ಕಂಬಳಿಯಾಗ ನಾಲ್ಕು ಮಾತ್ರ ಮಾರ್ಯಾವು, ಎತ್ತಿನ ಬೆನ್ನಿಗೆ ಹಾಕಾಕ ರೈತರು ಒಯ್ದರು, ಒಂದಕ್ಕ ನಲವತ್ತರಂಗ. ಉಳಿದವು ದೊಡ್ಡಿಯಾಗ ಗಂಟು ಕಟ್ಟಿ ಇಟ್ಟೇನಿ, ಕುರಿ ಅದರ ಮ್ಯಾಲ ಮಲಗತಾವು. ಅವುಕ್ಕ ಅದು ತಮ್ಮದ ಮೈ, ಏನೂ ಆಗೂದಿಲ್ಲ.

ಬೆಳ್ಳಿ ಕಾಲಗಡಗ ಈ ವರ್ಷ ಆಗೂದಿಲ್ಲ. ಕೂಸಿಗೆ ಇನ್ನ ಕಾಲು ನೆಲಕ್ಕ ಹತ್ತಬೇಕಲ್ಲ, ಅಷ್ಟ್ರಾಗ ನೋಡೂಣು. ಇದನ್ನ ಓದಿ ಹರದು ಒಗಿ. ನಿನ್ನ ಗಂಡಗ ಹೇಳಿದ್ರೂ ನಡದೀತು, ನಿಮ್ಮತ್ತಿಗೆ ಬ್ಯಾಡ, ಆಕಿ ಈಗಷ್ಟ ನನಗ ಬೆರಕಿ ಅಂದಾಳ.

ನಿನ್ನ ಮಾಮಾ ಕರೆಪ್ಪನ ಕೈಯಿಂದ ಹೋದದ್ದು ಐದು ಸಾವಿರದ ಎಂಟನೂರಾ ನಲವತ್ತು ರೂಪಾಯಿ.